ಮುಂಗಡ

ಅರವತ್ತೊಂದು ವರ್ಷ ನೀರು ಕುಡಿದ ಮೇಲೆ ತಿಳಿಯಿತು:
ಕುಡಿದದ್ದು ರಕ್ತಕ್ಕೆ ಸೇರಲು
ಹತ್ತು ಹದಿನೈದು ನಿಮಿಷವಾದರೂ ಬೇಕು.
ಬಾಯಾರಿಕೆ ಮಾತ್ರ
ಲೋಟ ಕೆಳಗಿಡುವ ಮೊದಲೇ ತೀರಿರುತ್ತದೆ.

ಹಾಗಾದರೆ ತೀರಿಸಿದ್ದು ಯಾರು?

ಮಲ್ಪೆ ಆಸ್ಪತ್ರೆಯ ಸಣ್ಣ ಪ್ರಾಯದ ಫ್ಲೇವಿಯಾ ಡಾಕ್ಟರು
ಮದ್ದಿನ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದರು:
ಗಂಟಲು ಒಂದು ಮಾತು ಕೊಡುತ್ತದೆ, ಕರುಳು ಇನ್ನೊಂದು,
ಮೆದುಳು ನಂಬುತ್ತದೆ.
ಬೋಟು ಅಳಿವೆ ದಾಟುವ ಮೊದಲೇ
ಫೋನಿನಲ್ಲಿ ಬಂಗುಡೆಗೆ ರೇಟು ಕಟ್ಟುವ ಹಾಗೆ.
ಮುಂಗಡದ ವ್ಯವಹಾರ. ನನಗೆ ಹೊಸತಲ್ಲ.

ಮೆದುಳಿನಲ್ಲಿ ಒಂದು ಕಡೆ ಬೇಲಿಯಿಲ್ಲವಂತೆ.
ಅಲ್ಲಿ ರಕ್ತವನ್ನು ನೇರ ಮುಟ್ಟಿ
ಉಪ್ಪು ಹೆಚ್ಚೋ ಕಡಿಮೆಯೋ ನೋಡುವವರಿದ್ದಾರೆ;
ತೊಟ್ಟಿಗೆ ಕಿರುಬೆರಳು ಅದ್ದಿ, ನಾಲಿಗೆಗೆ ತಾಗಿಸಿ
'ಇನ್ನೊಂದು ಬುಟ್ಟಿ ಹಾಕು' ಅನ್ನುತ್ತೇನಲ್ಲ, ಹಾಗೆ.
ಕರುಳಿನ ಕಾಗದಗಳೂ ಬರುವುದು ಅಲ್ಲಿಗೇ.
ಉಂಡಾಗ ಹೊರಡುವ ಒಂದರಲ್ಲಿ ಒಂದೇ ಶಬ್ದ:
ಸಾಕು.
ಅನ್ನಕ್ಕೂ ಸಾಕು, ನೀರಿಗೂ ಸಾಕು.

ಆ ಸಾಕನ್ನೇ ಈಗ ಪೆನ್ನಿನಲ್ಲಿ ತುಂಬಿಸಿ ಮಾರುತ್ತಾರೆ.
ಸಕ್ಕರೆ ಇಳಿಯಲಿ ಎಂದು
ಸೋಮವಾರ ಸೋಮವಾರ ಹೊಟ್ಟೆಗೆ ಚುಚ್ಚಿಕೊಂಡೆ.
ಸಕ್ಕರೆ ಇಳಿಯಿತು. ಸೀರೆಗೆ ಎರಡು ನೆರಿಗೆ ಹೆಚ್ಚು ಬಂತು.
ಬಾಯಾರಿಕೆ ಯಾವ ದಿನ ಹೋಯಿತೋ
ಹೇಳಿ ಹೋಗಲಿಲ್ಲ.

ಮಾರ್ಚಿನ ಬಿಸಿಲು, ಮೊಣಕೈವರೆಗೆ ಉಪ್ಪು,
ಎದುರಿಗೆ ಇಡೀ ಕಡಲು.
ಬೆಳಿಗ್ಗೆಯಿಂದ ಒಂದು ಗುಟುಕೂ ಬೇಕೆನ್ನಿಸದೆ
ಒಣ ನಂಗಿನ ರಾಶಿಯ ಮೇಲೆ ಬಿದ್ದೆ.
ಶೀಲಾವತಿ ಮುಖಕ್ಕೆ ನೀರು ಹೊಡೆದು ಬೈದಳು:
'ಮೀನು ಒಣಗಿಸು ಅಂದರೆ ನೀನೇ ಒಣಗುತ್ತೀಯಲ್ಲ, ಮಾರಾಯ್ತಿ!'

ಗಡಿಯಾರ ನೋಡಿ ಕುಡಿಯಿರಿ ಎಂದರು ಡಾಕ್ಟರು.
ಉಪ್ಪಿನ ಕೈಯಲ್ಲಿ ಯಾವ ಗಡಿಯಾರ ಬಾಳುತ್ತದೆ?
ಮೋನಪ್ಪನ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದರೆ ಒಂದು ಲೋಟ,
ಉಡುಪಿಯಿಂದ ವಾಪಸು ಬಂದರೆ ಇನ್ನೊಂದು.
ಹತ್ತು ತಿಂಗಳು ನನ್ನ ಬಾಯಾರಿಕೆ
ಅವನ ಅಂಗೈಯಲ್ಲಿತ್ತು.
ಅವನಿಗೆ ಗೊತ್ತಿಲ್ಲ.

ಕಳೆದ ವಾರ ಮೆಡಿಕಲ್‌ನಲ್ಲಿ ಪೆನ್ನು ಬಂದಿರಲಿಲ್ಲ.
ಈ ವಾರವೂ ಇಲ್ಲ.
ನಿನ್ನೆ ರಾತ್ರಿ, ಬಸ್ಸುಗಳೆಲ್ಲ ಮಲಗಿದ ಮೇಲೆ,
ಗಂಟಲಲ್ಲಿ ಏನೋ ಕೆರೆಯಿತು,
ನಾಲಿಗೆ ಅಂಗುಳಕ್ಕೆ ಅಂಟಿತು.
ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.
ಬಾಜೆಲ್!

ಸಕ್ಕರೆ ಏರಿ ಕಳಿಸಿದ್ದೋ, ತಾನಾಗಿ ಬಂದದ್ದೋ,
ನಾಳೆ ಡಾಕ್ಟರು ನೋಡಲಿ.
ನೆಂಟರು ಬಂದರೆ ಮೊದಲು ಕೂರಿಸುವುದು ನಮ್ಮ ಕ್ರಮ.
ಚೊಂಬು ಮುಂದಿಟ್ಟುಕೊಂಡು ಹೊಸ್ತಿಲಲ್ಲಿ
ಒಂದು ಗಳಿಗೆ ಕುಡಿಯದೆ ಕೂತೆ, ಇಬ್ಬರೂ.
ಬೆಲ್ಲ ಕೊಡುವ ಹಾಗಿಲ್ಲ. ಬರೀ ನೀರು.

ಎರಡನೇ ಗುಟುಕಿಗೇ ಎದ್ದು ಹೊರಟಿತು.
ರಕ್ತಕ್ಕೆ ಇನ್ನೂ ಸುದ್ದಿಯೇ ಇಲ್ಲ.