ಹೆಬ್ಬೆರಳು

ಎಫೀ ಅಜ್ಜಿಯ ಹೆಬ್ಬೆರಳಿಗೆ ಸದಾ ಹಿಟ್ಟಿನ ಚೀಲದ ಬಟ್ಟೆ,
ಉಪ್ಪು ತಿಂದ ಗಾಯಕ್ಕೆ ಸುತ್ತಿದ್ದು.
ಆನ್‌ಸ್ಟ್ರದರ್ ಬಂದರಿನಲ್ಲಿ ನಿಮಿಷಕ್ಕೆ ನಲವತ್ತು ಹೆರಿಂಗ್ ಮೀನು:
ಸೀಳಿ, ಕರುಳು ಕಿತ್ತು, ತಿರುಗಿಯೂ ನೋಡದೆ
ಬೆನ್ನ ಹಿಂದಿನ ಐದು ಬುಟ್ಟಿಗಳಲ್ಲಿ
ಸರಿಯಾದ್ದಕ್ಕೇ ಎಸೆಯುತ್ತಿದ್ದಳಂತೆ.
"ಕಣ್ಣು ಸುಳ್ಳು ಹೇಳುತ್ತೆ ಇಶ್‌ಬೆಲ್, ಒತ್ತಿ ನೋಡು."
ಅಂಗಡಿಯ ಪೇರಳೆಗೂ, ನನ್ನ ಕೆನ್ನೆಗೂ,
ನಾನು ಮದುವೆಯಾಗಲಿದ್ದವನ ತೋಳಿಗೂ ಅದೇ ಪರೀಕ್ಷೆ.
ಅವನು ಪಾಸಾದ.
ಆಮೇಲೆ ಬಿಟ್ಟುಹೋದ. ಅದು ಬೇರೆ ಮಾತು.

ನನ್ನ ಬಂದರು ಈ ಗಾಜಿನ ಚೂರು.
ಅಂಚೆಚೀಟಿಯಗಲ; ಒಳಗೆ ಕೂದಲೆಳೆಯಷ್ಟು ಸಪೂರ ಕಾಲುವೆ.
ಡಂಡೀ ಆಸ್ಪತ್ರೆಯಿಂದ ಬಂದ ಯಾರದೋ ಎದೆಯ ಚೂರು
ಕೋಶಕೋಶವಾಗಿ ಬಿಡಿಸಿಕೊಂಡು ತೇಲುತ್ತಿದೆ. ಹೆಸರಿಲ್ಲ,
ನಂಬರು ನಾನೂರ ಹನ್ನೆರಡು.

ಎರಡು ದಡದಿಂದ ಎರಡು ಲೇಸರು,
ಕೆಂಪಿನಾಚೆಯ, ಕಾಣದ ಬೆಳಕು.
ಬಂದ ಕೋಶವನ್ನು ನಡುನೀರಲ್ಲಿ ಹಿಡಿದು ನಿಲ್ಲಿಸುತ್ತವೆ.
ಮೆಲ್ಲಗೆ ಎರಡೂ ಕಡೆ ಎಳೆಯುತ್ತವೆ.
ಬೆಳಕಿಗೂ ಕೈಯಿದೆ ಎಂದಿದ್ದರೆ ಎಫೀ
ಚಾಕು ಕೆಳಗಿಟ್ಟು ನಗುತ್ತಿದ್ದಳು.

ಕಡಿಮೆ ಹಿಗ್ಗಿದ್ದು ಬಲಗವಲಿಗೆ.
ಹೆಚ್ಚು ಹಿಗ್ಗಿದ್ದು ಎಡಕ್ಕೆ. ರೋಗ ಮೆತ್ತಗಿನದು,
ಇಕ್ಕಟ್ಟಿನಲ್ಲಿ ನುಸುಳಬೇಕಲ್ಲ,
ಪರವೂರು ಸೇರಿ ಒಲೆ ಹೂಡಬೇಕಲ್ಲ.
ಜೊಳ್ಳು, ಕಾಳು ಎನ್ನಲಾರೆ. ಎರಡಕ್ಕೂ ಜೀವವಿದೆ.
ಎಫೀಯ ಬುಟ್ಟಿಗೆ ಬಿದ್ದದ್ದು ಸತ್ತದ್ದು;
ನನ್ನದಕ್ಕೆ ಬಿದ್ದದ್ದು ನಾಳೆ ಒಡೆದು ಎರಡಾಗುತ್ತದೆ.

ಕೊನೆಯ ಚಳಿಗಾಲ ಅವಳು
ತನ್ನ ಎದೆಯನ್ನೂ ಒತ್ತಿ ನೋಡಿಕೊಂಡಿದ್ದಳು.
ಗಂಟು ಗಟ್ಟಿ, ಬಟಾಣಿಯಷ್ಟು, ಆಮೇಲೆ ಆಕ್ರೋಟಿನಷ್ಟು.
ಯಾರಿಗೂ ಹೇಳಲಿಲ್ಲ.
ಅಷ್ಟು ಗಟ್ಟಿಯದರ ಒಳಗೆ
ಒಂದೊಂದೂ ಮೆತ್ತಗಿತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು?
ನನಗೇ ಗೊತ್ತಾದದ್ದು ಈ ಕೆಲಸಕ್ಕೆ ಸೇರಿದ ಮೇಲೆ.

ರಾತ್ರಿ ಎರಡೂ ನಲವತ್ತು. ಕಿಟಕಿಗೆ ಕಡಲ ಮಂಜು ಮೆತ್ತಿದೆ.
ಒಂದು ಕೋಶ ನಿಂತಿದೆ.
ಹಿಗ್ಗಿದ್ದು ಸರಿಯಾಗಿ ಗೆರೆಯ ಮೇಲೆ, ಆಚೆಗೂ ಅಲ್ಲ, ಈಚೆಗೂ ಅಲ್ಲ.
ಎಡವೋ ಬಲವೋ, ಯಂತ್ರ ನನ್ನನ್ನೇ ಕೇಳುತ್ತಿದೆ.

ಕೈಗವಸು ಕಳಚಿದೆ.
ಪರದೆಯ ಮೇಲೆ ಅದು ನಾಣ್ಯದಷ್ಟು ದೊಡ್ಡದು.
ಹೆಬ್ಬೆರಳಿಟ್ಟು ಒತ್ತಿದೆ.
ಗಾಜು. ಬೆಚ್ಚಗಿತ್ತು, ಅಷ್ಟೆ.

ಎಡಕ್ಕೆ ಕಳಿಸಿದೆ.

ಬೆಳಿಗ್ಗೆ ಫಿನ್ಲೇ ಬಂದು ಗೊಣಗುತ್ತಾನೆ,
ಪರದೆಗೆ ಯಾರದಪ್ಪಾ ಈ ಬೆರಳಚ್ಚು?
ನನ್ನಜ್ಜಿಯದು ಎನ್ನುವುದಿಲ್ಲ.
ಒರೆಸಿಬಿಡು ಎನ್ನುತ್ತೇನೆ.