ಮೂರು ಹಕಾರ

ಸೊಹಾರಿನ ಆಸ್ಪತ್ರೆ, ನೆಲಮಾಳಿಗೆ, ಸೋಮವಾರ ಸಂಜೆ.
ಬಿಳಿ ಬೋರ್ಡಿನ ಮೇಲೆ ಸೀಳಿದ ಅರ್ಧ ತಲೆ:
ಕಣ್ಣಿಲ್ಲ, ಕಿವಿಯಿಲ್ಲ, ಹೆಸರೂ ಇಲ್ಲ,
ಮೂಗು, ಅಂಗುಳ, ಗುಡ್ಡೆಬಿದ್ದ ನಾಲಗೆ,
ಗಂಟಲಿನ ಓಣಿ ಕೆಳಕೆಳಗಿಳಿದು
ಮಾರ್ಕರಿನ ಶಾಯಿ ಮುಗಿದಲ್ಲಿ ಮುಗಿದಿದೆ.
ಅಲ್ಲಿಂದಲೇ,
ಶಾಯಿ ಮುಗಿದ ಆ ಜಾಗದಿಂದಲೇ
‘ಐನ್’ ಬರಬೇಕಂತೆ.

ಉಸ್ತಾದ್ ಇದ್ರೀಸ್ ಸುಡಾನಿನವರು.
ಹಾಜರಿ ಕೂಗುವಾಗ ಪಕಾರ ಸಿಗದೆ
ಪುಟ್ಟಗೌರಿ ಎಂಬ ನನ್ನನ್ನು
ಬುತ್ತಗೌರಿ ಅನ್ನುತ್ತಾರೆ.
ನಾನು ತಿದ್ದಲಿಲ್ಲ.
ಬುತ್ತಿ ಕಟ್ಟಿಕೊಂಡೇ ತಾನೆ ಬಂದದ್ದು.

“ಹಕಾರ ಮೂರು” ಅಂದರು ಒಂದು ದಿನ.
ಒಂದು ಬರೀ ಉಸಿರು,
ಒಂದು ಕನ್ನಡಕ ಒರೆಸಲು ಊದುವ ಹಬೆ,
ಒಂದು ಕಫ ಕೆರೆದಂತೆ.
ನನಗೆ ನಗು.
ಗುಂಡ್ಲುಪೇಟೆ ಕಡೆಯವಳು ನಾನು,
ಇದ್ದೊಂದು ಹಕಾರವನ್ನೂ ಸಾಲ ಮಾಡಿ ತಂದವಳು.
ನಮ್ಮಲ್ಲಿ ಹಾವು ಆವು, ಹಲ್ಲು ಅಲ್ಲು,
ಹಸು ಸತ್ತರೂ ಅಸುವೇ ಹೋದದ್ದು.
ಮರಿಮಾದಯ್ಯ ಮೇಷ್ಟ್ರು ತುಟಿಯೆದುರು
ಕಾಗದದ ಚೂರು ಹಿಡಿದು
“ಅಲುಗಬೇಕು” ಅನ್ನುತ್ತಿದ್ದರು.
ಅಲುಗದಿದ್ದರೆ ಅಂಗೈಗೊಂದು.
ಹೆದರಿ ಆಮೇಲೆ ಎಲ್ಲಕ್ಕೂ ಸುರಿದೆ:
ಹಾನೆ, ಹನ್ನ, ಹಕ್ಕ.
ಅದಕ್ಕೂ ಒಂದು.

“ಡಾಕ್ಟರು ಕಡ್ಡಿಯಿಂದ ನಾಲಗೆ ಒತ್ತಿದಾಗ
ಒಳಗೆ ಏನು ಬಿಗಿಯುತ್ತದೋ, ಅದೇ ಐನ್.”
ಒತ್ತುವವಳು ನಾನೇ ಉಸ್ತಾದ್,
ದಿನಕ್ಕೆ ನಲವತ್ತು ಬಾಯಿ.
ನನ್ನ ಗಂಟಲಿಗೆ ಇಣುಕಿದವರಿಲ್ಲ.

ಕಿವಿಗೇ ಕೇಳದ್ದು ಬಾಯಿಗೆ ಹೇಗೆ ಬಂದೀತು?
ಅವರು ಎರಡು ಮಾತು ಹೇಳುತ್ತಾರೆ,
ನಾನು ಒಂದನ್ನೇ ಎರಡು ಸಲ ಕೇಳುತ್ತೇನೆ.
ಪಕ್ಕದಲ್ಲಿ ಮೆರ್ಸೆಡಿತಾ ಕನ್ನಡಿ ಹಿಡಿದು
ಕಾಣದ ಕಿರುನಾಲಗೆಗೆ ಬೈಯುತ್ತಾಳೆ.

ಏಳನೇ ಮಂಚದ ಝುವೈನಾ ಅಜ್ಜಿಗೆ
ಹಲ್ಲಿಲ್ಲ, ಓದಿಲ್ಲ, ಪಾಠದ ಹಂಗಿಲ್ಲ.
ನೋವೆಲ್ಲಿ ಎಂದು ಕೇಳಬಂದವಳ
ಎರಡು ಬೆರಳು ಎಳೆದು
ತನ್ನ ಕತ್ತಿಗಿಟ್ಟುಕೊಂಡು
“ವಜ‌ಅ್” ಎಂದಳು.
ಸುಕ್ಕಿನಡಿ ಏನೋ ಹಿಂದಕ್ಕೆ ಜಗ್ಗಿತು,
ತುಂಬಿದ ಕೊಡ ಮೇಲೆ ಬರುವಾಗ
ಕೈಯಲ್ಲಿ ಹಗ್ಗ ನಡುಗುವ ಹಾಗೆ.
ನನ್ನದು ‘ವಜ’ ಎಂದು ನಿಂತುಬಿಡುತ್ತದೆ.
ನೋವಿನ ಕೊನೆಯ ಅಕ್ಷರ
ನನಗೆ ಬರುವುದಿಲ್ಲ.
ಅಜ್ಜಿ ನಕ್ಕಳು. ಕೆಮ್ಮಿದಳು.
ಮಾಸ್ಕಿನೊಳಗೆ ಹಬೆ ಕೂತಿತು, ಹೋಯಿತು:
ಅದು ಮೂರರಲ್ಲಿ ಎಷ್ಟನೆಯ ಹಕಾರವೋ,
ಆಕ್ಸಿಜನ್ ಅಳತೆ ಮಾತ್ರ ಬರೆದುಕೊಂಡೆ.

ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಒಂಬತ್ತು.
ಬಸ್ಸಿನಲ್ಲಿ, ರೂಮಿನ ಮೆಟ್ಟಿಲಲ್ಲಿ,
ಬಟ್ಟೆ ಒಗೆಯುವಾಗ, ಅದೇ ಅಭ್ಯಾಸ;
ಮೇಲಿನ ಮಂಚದ ಜೆಸ್ಸಮ್ಮ ಕೇಳಿದಳು,
ವಾಂತಿ ಬರುತ್ತಿದೆಯಾ?

ರಾತ್ರಿ ಊರಿಗೆ ಫೋನು ಮಾಡಿ
“ಅಕ್ಕಾ” ಅಂದೆ.
ಆ ಮೊದಲ ಅಕ್ಷರ, ಕರೆಯದೆಯೇ,
ಶಾಯಿ ಮುಗಿದ ಜಾಗದಿಂದ ಎದ್ದು ಬಂತು.

“ಏನಮ್ಮಿ, ಗಂಟ್ಲು ಕಟ್ಕಂಡದಾ?
ಅರ್ಸಿಣದ ಆಲ್ ಕುಡುದ್ಬುಟ್ಟು ಮನಿಕ.”