ಹಾಸಿಗೆ ಸುಕ್ಕಾಗಿರಲಿಲ್ಲ

ಸೂರ್ ಪಟ್ಟಣದ ದಂಡೆಯಲ್ಲಿ, ಮರಳಿನ ಮೇಲೆ
ನಾಲ್ಕು ಸಿಮೆಂಟು ಕಾಲಿಗೆ ಆತುಕೊಂಡು ನಿಂತ ಹಡಗು.
ರಾತ್ರಿಯೊಂದಕ್ಕೆ ಮೂವತ್ತೈದು ರಿಯಾಲ್, ಬೆಳಗಿನ ತಿಂಡಿ ಸೇರಿ.
ಒಳಗೆ ಎ.ಸಿ., ಶವರ್, ಗೋಡೆಗೆ ಪ್ಲಾಸ್ಟಿಕ್ ಲಂಗರು.
ಚಾದರ ಬದಲಿಸುವವನು ನಾನು,
ಗಂಗೊಳ್ಳಿಯ ರಾಮದಾಸ ಖಾರ್ವಿ.

ಬರುವವರು ಬರುತ್ತಾರೆ. ಮಧುಚಂದ್ರದ ಜೋಡಿಗಳು,
ಅಲುಗದ ಹಡಗಲ್ಲೂ ವಾಂತಿ ಮಾಡಿಕೊಂಡ ಒಬ್ಬ ಜರ್ಮನ್,
ತೆರೆಯ ಸದ್ದು ಸ್ವಲ್ಪ ಕಡಿಮೆ ಮಾಡಿ ಎಂದು
ರಾತ್ರಿ ಎರಡಕ್ಕೆ ಫೋನು ಮಾಡಿದ ಹೆಂಗಸು.

ಫೆಬ್ರವರಿಯಲ್ಲಿ ಒಬ್ಬ ಮುದುಕ.
ಮೊಮ್ಮಗಳ ಮೊಬೈಲಿನಿಂದ ಬುಕಿಂಗ್, ಹೆಸರು ಖಲ್ಫಾನ್.
ಚೀಲವಿಲ್ಲ. ಚಪ್ಪಲಿ ಏಣಿಯ ಬುಡದಲ್ಲೇ ಬಿಟ್ಟ.
ಬೀಗದ ಕೈ ಕೊಡಹೋದರೆ ನಕ್ಕ:
ಇದಕ್ಕೆ ಬಾಗಿಲು ಯಾವಾಗ ಬಂತು?

ಹಲಗೆಗಳನ್ನು ತಟ್ಟುತ್ತ ಹೋದ,
ಕಲ್ಲಂಗಡಿ ಆರಿಸುವವನ ಹಾಗೆ.
ಒಂದರ ಬಳಿ ನಿಂತು, ಇದು ನಿಮ್ಮ ಕಡೆಯ ಸಾಗುವಾನಿ,
ಹೊನ್ನಾವರದಲ್ಲಿ ಹಾಕಿಸಿದ್ದು, ಆ ವರ್ಷ ಮಗ ಹುಟ್ಟಿದ
ಎಂದ, ಮುರುಕು ಹಿಂದಿಯಲ್ಲಿ,
ಹೊನ್ನಾವರವೊಂದನ್ನು ಸರಿಯಾಗಿ ಉಚ್ಚರಿಸಿ.

ಊಟ ಬೇಡವೆಂದ. ಖರ್ಜೂರ ಜೇಬಲ್ಲಿತ್ತು.
ನಡುರಾತ್ರಿ ನನ್ನ ಕೋಣೆಯಿಂದ ನೋಡಿದೆ:
ಚುಕ್ಕಾಣಿ ಹಿಡಿದು ಕೂತಿದ್ದಾನೆ,
ಸಮುದ್ರಕ್ಕಲ್ಲ, ನಕ್ಷತ್ರಕ್ಕೆ ಮುಖ ಮಾಡಿ,
ಆಗಾಗ ಒಂದು ಬೆರಳಷ್ಟು
ಎಡಕ್ಕೆ ತಿರುಗಿಸುತ್ತ.

ಬೆಳಿಗ್ಗೆ ಹೋಗಿದ್ದ. ಹಾಸಿಗೆ ಸುಕ್ಕಾಗಿರಲಿಲ್ಲ.
ಸೋಪಿನ ಕಾಗದ ಬಿಚ್ಚಿರಲಿಲ್ಲ.
ಅಲಂಕಾರಕ್ಕೆ ಸುತ್ತಿಟ್ಟ ಹಗ್ಗವನ್ನು ಮಾತ್ರ
ಬಿಚ್ಚಿ, ಗೂಟಕ್ಕೆ ಮತ್ತೆ ಕಟ್ಟಿದ್ದ.
ನನ್ನಪ್ಪ ದೋಣಿಗೆ ಹಾಕುತ್ತಿದ್ದ ಗಂಟು ಅದು,
ಗಾಳಿ ಏಳುವ ಸೂಚನೆಯಿದ್ದ ಸಂಜೆಗಳಲ್ಲಿ.

ಮ್ಯಾನೇಜರು ನೋಡಿ, ಸರಿಮಾಡು ಅಂದ.
ಸರಿಯಾಗೇ ಇದೆ ಅಂದೆ.